ಸಹಾಯ ಬೇಕು: ನೀರು ಚಿಗಟದ ಪರೀಕ್ಷೆಯ ಅಂಕಿಗಳಿಗೆ ಗಟ್ಸ್ ಮಾದರಿ ಕೂರುತ್ತಿಲ್ಲ

ನಮಸ್ಕಾರ. ಒಂದು ರಾಸಾಯನಿಕದ ವಿಷತ್ವ ಪರೀಕ್ಷೆ: ನೀರು ಚಿಗಟ ಡಾಫ್ನಿಯಾ ಮ್ಯಾಗ್ನಾ, ಒಇಸಿಡಿ 202 ವಿಧಾನ (ಎಷ್ಟು ಮರಿಗಳು ನಿಶ್ಚಲವಾದವು ಎಂದು ಎಣಿಸುವ ಪ್ರಮಾಣಿತ ಪರೀಕ್ಷೆ). 24 ಗಂಟೆಯೊಳಗಿನ ಮರಿಗಳು, ಪ್ರತಿ ಸಾಂದ್ರತೆಗೆ 20 (ಐದೈದರಂತೆ 4 ಬೀಕರ್), 2 ಪಟ್ಟಿನ ಅಂತರದಲ್ಲಿ 5 ಸಾಂದ್ರತೆ, 20 ಡಿಗ್ರಿ, 48 ಗಂಟೆ. ರಾಸಾಯನಿಕ ಹಾಕದ ಕಂಟ್ರೋಲ್‌ನಲ್ಲಿ ನಿಶ್ಚಲವಾದದ್ದು ಒಂದೇ; 10% ಮಿತಿಯೊಳಗೇ ಇದೆ.

ಇಸಿ50 (ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಸಾಂದ್ರತೆ) ಸಲೀಸಾಗಿ ಸಿಗುತ್ತದೆ. ಆದರೆ ಅದು 48ನೇ ಗಂಟೆಯ ಸಂಖ್ಯೆ ಮಾತ್ರ. ಕಾಲಕ್ಕೆ ತಕ್ಕಂತೆ ಬದಲಾಗುವ ವಿಷತ್ವವನ್ನು ಅದು ಹೇಳುವುದಿಲ್ಲ. ಅದಕ್ಕೇ ಗಟ್ಸ್-ರೆಡ್-ಎಸ್‌ಡಿ: ಕಾಲ ಕಳೆದಂತೆ ಹಾನಿ ಹೇಗೆ ಬೆಳೆದು ಸಾವಿಗೆ ದಾರಿಯಾಗುತ್ತದೆಂದು ಲೆಕ್ಕ ಹಾಕುವ ಗಟ್ಸ್ ಬದುಕುಳಿವಿನ ಮಾದರಿಯ ಸರಳ ರೂಪ. ತೊಂದರೆ ಇಲ್ಲಿದೆ: ಹಾನಿಯ ವೇಗದ ಸ್ಥಿರಾಂಕ ಕೆಡಿ ಸೊನ್ನೆಯತ್ತ ಜಾರುತ್ತದೆ, ಹೊಸ್ತಿಲ ಮೌಲ್ಯವೂ (ಸಾವು ಶುರುವಾಗುವ ಹಾನಿಯ ಮಟ್ಟ) ಜೊತೆಗೇ ಇಳಿಯುತ್ತದೆ, ಕೊಲ್ಲುವ ದರ (ಹೊಸ್ತಿಲು ಮೀರಿದ ಹಾನಿಗೆ ಸಾವಿನ ಸಂಭವ ಎಷ್ಟು ಏರುತ್ತದೆ ಎಂಬುದು) ಏರುತ್ತದೆ. ಕೆಡಿ ತೀರಾ ಚಿಕ್ಕದಾದರೆ ಹಾನಿ ಸಾಂದ್ರತೆ ಮತ್ತು ಕಾಲದ ಗುಣಲಬ್ಧದಂತೆ ಬೆಳೆಯುವುದರಿಂದ ಮೂರನ್ನೂ ಬೇರ್ಪಡಿಸಲಾಗದು. 24 ಮತ್ತು 48ನೇ ಗಂಟೆಯ ಎರಡೇ ಎಣಿಕೆ ಇರುವುದೇ ಮೂಲ ಕಾರಣವೆಂದು ಅನುಮಾನ.

2, 4, 8, 24, 32, 48 ಗಂಟೆಗೆ ಎಣಿಸಿದರೆ ಸಾಕೇ, ಅಥವಾ 96ಕ್ಕೆ ಎಳೆಯಬೇಕೇ? ಎಳೆದರೆ ಆಹಾರವಿಲ್ಲದೆ ಮರಿಗಳು ಸಾಯುತ್ತವೆ. ಆಹಾರವಾಗಿ ಪಾಚಿ ಹಾಕಿದರೆ ಆ ಪಾಚಿಯೇ ರಾಸಾಯನಿಕವನ್ನು ಹೀರುತ್ತದೆ. ಹಿನ್ನೆಲೆ ಸಾವಿನ ದರವನ್ನು ಕಂಟ್ರೋಲ್‌ನಿಂದಲೇ ಮೊದಲು ಲೆಕ್ಕಹಾಕಿ ಸ್ಥಿರವಾಗಿ ಇಡುತ್ತೀರಾ? ಇನ್ನೊಂದು: ಗಟ್ಸ್‌ನಲ್ಲಿ ಸತ್ತದ್ದು ಮರಳಿ ಬರುವುದಿಲ್ಲ, ನಿಶ್ಚಲವಾದದ್ದು ಚೇತರಿಸಿಕೊಳ್ಳಬಹುದು. ಅಂಥವನ್ನು ಹೇಗೆ ಎಣಿಸುತ್ತೀರಿ?