ಮಾರ್ಟಿನ್ಸ್‌ವಿಲ್ ರೇಸ್: ಮುಂದಿನ ಸಾಲಿನ ಟಿಕೆಟ್ ತಗೊಳ್ಳಬಹುದಾ?

ಕ್ಯಾರಿ_ಕನ್ನಡಿಗ:
ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ ನಾಸ್ಕಾರ್ ಕಪ್ (ಅಮೆರಿಕದ ಕಾರ್ ರೇಸ್ ಸರಣಿ) ರೇಸ್ ನೋಡೋ ಯೋಚನೆ ಇದೆ, ಜೊತೆಗೆ ಎಂಟು ವರ್ಷದ ಮಗಳು. ಎಲ್ಲಕ್ಕಿಂತ ಮುಂದಿನ ಸಾಲು ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ? ಟ್ರ್ಯಾಕ್ ಬರೀ ಅರ್ಧ ಮೈಲಿ ಅಂತೆ, ಓವರ್‌ಟೇಕ್ ಆಗೋದು ಹೇಗೆ? ನಾವು ಸಸ್ಯಾಹಾರಿಗಳು, ಊಟಕ್ಕೆ ಏನಾದ್ರೂ ಸಿಗುತ್ತಾ?

ಹಳದಿಬಾವುಟ:
ಬೇಡ ಸರ್. ಮುಂದೆ ಕೂತರೆ ಬೇಲಿ ಅಡ್ಡ, ಆಚೆ ಕಡೆಯ ನೇರ ದಾರಿ ಒಳಗೆ ನಿಂತಿರೋ ಟ್ರಕ್‌ಗಳ ಹಿಂದೆ ಮಾಯ. ಟೈರಿನ ರಬ್ಬರ್ ಚೂರು ನೇರ ತಟ್ಟೆಗೇ ಬೀಳುತ್ತೆ. ಎಷ್ಟು ಮೇಲಾದ್ರೆ ಅಷ್ಟು ಒಳ್ಳೇದು, ಪೂರ್ತಿ 0.526 ಮೈಲಿ ಕಾಣುತ್ತೆ.
ಮಗುವಿಗೆ ಕಿವಿಯೊಳಗೆ ತುರುಕೋ ಸ್ಪಂಜು ನೆಚ್ಕೋಬೇಡಿ, ಸಣ್ಣ ಕಿವಿಯಲ್ಲಿ ಸರಿಯಾಗಿ ಕೂರಲ್ಲ, ಜಾರುತ್ತೆ. ಕಿವಿ ಪೂರ್ತಿ ಮುಚ್ಚೋ ಮಕ್ಕಳ ಇಯರ್‌ಮಫ್ ಮನೆಯಲ್ಲೇ ಹಾಕಿ ರೂಢಿ ಮಾಡಿಸಿ. ದೊಡ್ಡವರು ಸ್ಪಂಜಿನ ಮೇಲೆ ಮಫ್ ಹಾಕಬಹುದು. ಸ್ಕ್ಯಾನರ್ (ತಂಡಗಳ ರೇಡಿಯೋ ಕೇಳೋ ಸಾಧನ) ಇದ್ರೆ ಡ್ರೈವರ್ ಮತ್ತು ಸ್ಪಾಟರ್ (ಮೇಲಿಂದ ನೋಡಿ ಡ್ರೈವರ್‌ಗೆ ದಾರಿ ಹೇಳೋನು) ಮಾತು ಕೇಳಬಹುದು. ರೇಸಿನ ಅರ್ಧ ಮಜಾ ಅದರಲ್ಲೇ.

ಬ್ರೇಕ್‌ಧೂಳು:
ಓವರ್‌ಟೇಕ್ ಕಷ್ಟ, ಅದಕ್ಕೇ ತಿಕ್ಕಾಟ ಜಾಸ್ತಿ. ಎರಡು ನೇರ ದಾರಿ, ಒಂದೊಂದೂ 800 ಅಡಿ, ಡಾಂಬರು. ತಿರುವುಗಳು ಕಾಂಕ್ರೀಟು, ಓರೆ ಬರೀ 12 ಡಿಗ್ರಿ. ಒಳಗಿನ ದಾರಿ ಗಿಡ್ಡ, ಅಲ್ಲೇ ಹಿಡಿತ. ಹೊರಗೆ ರಬ್ಬರ್ ಪುಡಿ ಗುಡ್ಡೆ ಬಿದ್ದಿರುತ್ತೆ, ಅಲ್ಲಿಗೆ ಹೋದ ಕಾರು ಗೋಡೆ ಕಡೆ ಜಾರುತ್ತೆ. ನಡುವೆ ನಿಧಾನವಾದ ರೇಸ್ ಮತ್ತೆ ಶುರುವಾಗೋ ರೀಸ್ಟಾರ್ಟ್‌ನಲ್ಲಿ ಹೊರಸಾಲಿಗೆ ಸಿಕ್ಕಿದವನನ್ನ ಒಳಸಾಲು ಹಾಗೇ ದಾಟಿ ಹೋಗ್ತಿರುತ್ತೆ. ಹಾಗಾಗಿ ಮುಂದಿನವನ ಬಂಪರಿಗೆ ತಿರುವಿನ ಬಾಯಲ್ಲಿ ಮೆಲ್ಲನೆ ಒಂದು ಗುದ್ದು ಕೊಡೋದೇ ಉಪಾಯ. ಜೋರಾಗಿ ಕೊಟ್ರೆ ಆತ ಗಿರ್ರನೆ ತಿರುಗ್ತಾನೆ, ಮುಂದಿನ ಸುತ್ತಿನಲ್ಲಿ ಲೆಕ್ಕ ಚುಕ್ತಾ!
ಗಮನಿಸಬೇಕಾದ್ದು ಬ್ರೇಕು. ಒಂದು ಸುತ್ತು ಸುಮಾರು 20 ಸೆಕೆಂಡು, ಸುತ್ತಿಗೆ ಎರಡು ಸಲ ಗಟ್ಟಿ ಬ್ರೇಕ್. 400 ಸುತ್ತಿಗೆ 800 ಸಲ ಆಯ್ತಲ್ಲ. ಶುರುವಲ್ಲೇ ಒತ್ತಿ ಓಡಿಸಿದವನ ಪೆಡಲ್ ಕೊನೆಗೆ ಮೆತ್ತಗಾಗುತ್ತೆ. ಹಿಂದೆ 15 ಇಂಚಿನ ಚಕ್ರ ಇದ್ದಾಗ ಬ್ರೇಕಿನ ಕಾವು ರಿಮ್‌ಗೆ ಏರಿ ಟೈರಿನ ಅಂಚೇ ಕರಗ್ತಿತ್ತು. 2022ರಿಂದ 18 ಇಂಚು, ಡಿಸ್ಕೂ ದೊಡ್ಡದು, ಆ ಕಾಟ ಕಡಿಮೆ. ಅದರ ಜೊತೆ ಬ್ರೇಕ್ ಜೋಪಾನ ಮಾಡಿದವನಿಗೆ ಸಿಗ್ತಿದ್ದ ಮೇಲುಗೈಯೂ ಕಡಿಮೆ, ಅದೇ ಬೇಜಾರು.

ಪುಳಿಯೋಗರೆ_ಪಿಟ್‌ಸ್ಟಾಪ್:
ಅಲ್ಲಿನ ಫೇಮಸ್ ಐಟಂ ಕೆಂಪು ಹಾಟ್‌ಡಾಗ್: ಮೇಲೆ ಚಿಲಿ (ಖಾರದ ಗಟ್ಟಿ ಗೊಜ್ಜು), ಕೋಸಿನ ಸ್ಲಾ, ಈರುಳ್ಳಿ, ಸಾಸಿವೆ. ಚಿಲಿಯಲ್ಲೂ ಮಾಂಸ ಇರುತ್ತೆ, ಸಾಸೇಜ್ ತೆಗೆಸಿದ್ರೆ ಸಾಲದು. ಮನೆಯಿಂದ ಚಪಾತಿ ರೋಲ್, ಪುಳಿಯೋಗರೆ, ನೀರು ಒಯ್ಯಿರಿ. ಮೆತ್ತನೆ ಬ್ಯಾಗ್ ಬಿಡ್ತಾರೆ, ಗಾಜು ಬಿಡಲ್ಲ. ಬ್ಯಾಗಿನ ಅಳತೆ ಆ ವಾರ ಟ್ರ್ಯಾಕಿನವರು ಹಾಕಿದ್ದನ್ನ ನೋಡ್ಕೊಳ್ಳಿ. ಕೊಡೆ ಬೇಡ, ಹಿಂದಿನವರು ಬೈತಾರೆ. ರೇನ್‌ಕೋಟ್ ಸಾಕು.