ಮರು: ‘ಆಟೋಇಮ್ಯೂನ್’ಗೆ ಕನ್ನಡ ಪದ ಬೇಕು – ಥೈರಾಯ್ಡ್, ಎಂಎಸ್ ಕರಪತ್ರಕ್ಕೆ, ಅರ್ಜೆಂಟ್

ಮೇಡಂ, ಥೈರಾಯ್ಡ್ ತೊಂದರೆ ಮತ್ತು ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ) ಬಗೆಗಿನ ನಿಮ್ಮ ಕರಪತ್ರದ ಕರಡನ್ನು ಸಂಜೆಯೊಳಗೆ ಮಂಡ್ಯದ ಪ್ರೆಸ್ಸಿಗೆ ಕೊಡಬೇಕು ಅಂದಿದ್ದೀರಿ. ಹಾಗಾಗಿ ಮೊದಲು ನಿಮಗೆ ಉತ್ತರ, ಇಂಗ್ಲಿಷ್ ಪದ ಬೇಡವೇ ಬೇಡ ಅಂದವರ ಜೊತೆ ಜಗಳ ಆಮೇಲೆ.

‘ಸ್ವಯಂ ರೋಗನಿರೋಧಕ ಕಾಯಿಲೆ’ ಬೇಡ. ರೋಗವನ್ನು ಮೈ ತಾನೇ ತಡೆದುಕೊಳ್ಳುತ್ತದೆ, ಒಳ್ಳೆಯದೇ ಆಯ್ತಲ್ಲ ಅಂದುಕೊಳ್ಳುತ್ತಾರೆ ಓದಿದವರು. ‘ಮೈ ಕಾಯಬೇಕಾದ ರಕ್ಷಣಾ ವ್ಯವಸ್ಥೆ ಮೈಮೇಲೆಯೇ ತಿರುಗಿಬೀಳುವ ಕಾಯಿಲೆ’ ಅಂತ ಒಂದು ಸಲ ಬಿಡಿಸಿ ಬರೆಯಿರಿ, ಪಕ್ಕದಲ್ಲೇ ‘ಆಟೋಇಮ್ಯೂನ್’ ಇಡಿ, ಮುಂದೆ ಅದನ್ನೇ ಬಳಸಿ. ಡಾಕ್ಟರ ಬಾಯಲ್ಲಿ ಬರುವುದೂ ಅದೇ ಅಲ್ವಾ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂದರೆ ನಿಮ್ಮ ಕಡೆಯವರಿಗೆ ಇನ್ನೂ ಬೇಗ ಹತ್ತುತ್ತದೆ. ಹಾಶಿಮೊಟೊ ಅನ್ನುವ ಥೈರಾಯ್ಡ್ ಕಾಯಿಲೆಯಲ್ಲಿ ಸವೆಯುವುದು ಕುತ್ತಿಗೆಯ ಥೈರಾಯ್ಡ್ ಗ್ರಂಥಿ, ಎಂಎಸ್‌ನಲ್ಲಿ ಮಿದುಳು, ಬೆನ್ನುಹುರಿಯ ನರಗಳ ಮೇಲಿನ ಮೈಲಿನ್ ಹೊದಿಕೆ. ಗ್ರೇವ್ಸ್ ಅನ್ನುವ ಇನ್ನೊಂದು ಥೈರಾಯ್ಡ್ ಕಾಯಿಲೆಗೆ ಮಾತ್ರ ಗಾದೆ ಪೂರ್ತಿ ಹೊಂದುವುದಿಲ್ಲ, ಅಲ್ಲಿ ಗ್ರಂಥಿ ಕೆರಳಿ ಹಾರ್ಮೋನನ್ನು ಜಾಸ್ತಿ ಸುರಿಸುತ್ತದೆ.

ಇನ್ನು ‘ಥೈರಾಯ್ಡ್’. ನಮ್ಮ ಜನ ‘ನನಗೆ ಥೈರಾಯ್ಡ್ ಇದೆ’ ಅಂದರೆ ಕಾಯಿಲೆ, ‘ಬೆಳಿಗ್ಗೆ ಥೈರಾಯ್ಡ್ ತಗೊಂಡೆ’ ಅಂದರೆ ಮಾತ್ರೆ, ‘ಥೈರಾಯ್ಡ್ ಬರೆದುಕೊಟ್ಟಿದ್ದಾರೆ’ ಅಂದರೆ ರಕ್ತಪರೀಕ್ಷೆ. ನಿಮ್ಮ ಕರಡಿನಲ್ಲಿ ಮೂರೂ ಒಂದೇ ಪ್ಯಾರಾದಲ್ಲಿ ಕಲಸಿಹೋಗಿವೆ. ಗ್ರಂಥಿಗೆ ‘ಥೈರಾಯ್ಡ್ ಗ್ರಂಥಿ’, ಕಾಯಿಲೆಗೆ ‘ಥೈರಾಯ್ಡ್ ತೊಂದರೆ’, ಮಾತ್ರೆಗೆ ‘ಥೈರಾಯ್ಡ್ ಮಾತ್ರೆ’, ರಕ್ತಪರೀಕ್ಷೆಗೆ ‘ಟಿಎಸ್‌ಎಚ್ ಪರೀಕ್ಷೆ’ ಅಂತ ಬೇರೆ ಮಾಡಿ.

ಎಂಎಸ್‌ಗೆ ಹಾಕಿರುವ ‘ನರದೌರ್ಬಲ್ಯ’ವನ್ನು ದಯವಿಟ್ಟು ತೆಗೆದುಹಾಕಿ. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ಆ ಪದ ಯಾವ ಅಂಗಡಿಯ ಜಾಹೀರಾತು ಅಂತ ಎಲ್ಲರಿಗೂ ಗೊತ್ತು. ಎಂಎಸ್ ಇರುವ ಹೆಂಗಸು ಆ ಕರಪತ್ರ ಕೈಯಲ್ಲಿ ಹಿಡಿದು ಮನೆಗೆ ಹೋಗುತ್ತಾರಾ? ಥೈರಾಯ್ಡ್ ತೊಂದರೆಯೂ ಎಂಎಸ್ಸೂ ಹೆಂಗಸರಲ್ಲೇ ಜಾಸ್ತಿ.

ಈಗ ಇಂಗ್ಲಿಷ್ ಬೇಡ ಅಂತ ಥೈರಾಯ್ಡ್‌ಗೆ ‘ಗುರಾಣಿ ಗ್ರಂಥಿ’, ಎಂಎಸ್‌ಗೆ ‘ಬಹುಗಟ್ಟಿ ಬೇನೆ’ ಸೂಚಿಸಿದ ಮಹಾಶಯರಿಗೆ. ‘ಥೈರಾಯ್ಡ್’ ಅಂದರೆ ಗ್ರೀಕಿನಲ್ಲಿ ಗುರಾಣಿಯಂಥದ್ದು, ಸರಿ. 1656ರಲ್ಲಿ ಇಂಗ್ಲಿಷ್ ವೈದ್ಯ ಥಾಮಸ್ ವಾರ್ಟನ್ ಇಟ್ಟ ಹೆಸರದು. ಆದರೆ ನಮ್ಮೂರಿನ ಲ್ಯಾಬ್ ರಿಪೋರ್ಟಿನಲ್ಲಿ ಗುರಾಣಿ ಎಲ್ಲಿದೆ? ‘ಗಟ್ಟಿ’ ಅಂದರೆ ನಮ್ಮಲ್ಲಿ ಹೊಗಳಿಕೆ, ಮುದುಕ ಇನ್ನೂ ಗಟ್ಟಿ ಇದ್ದಾನೆ ಅನ್ನುತ್ತೇವೆ. 1868ರಲ್ಲಿ ಫ್ರೆಂಚ್ ವೈದ್ಯ ಶಾರ್ಕೋ ‘ಸ್ಕ್ಲೆರೋಸಿಸ್’, ಅಂದರೆ ಗಡಸು, ಅಂದದ್ದು ಕಾಯಿಲೆ ಬಿಟ್ಟುಹೋದ ಗಾಯದ ಕಲೆಗಳನ್ನು, ನರವನ್ನಲ್ಲ. ‘ನರಕಲೆ’ ಅಂದರಂತೂ ಅರ್ಧ ಜನ ನರಕ ಅಂತಲೇ ಓದುತ್ತಾರೆ. ಮತ್ತೆ, ‘ನರ’ ಸಂಸ್ಕೃತದ ಸಾಲ ಅಂದಿರಿ. ಅಲ್ಲ. ಮನುಷ್ಯ ಅನ್ನುವ ನರ ಬೇರೆ. ಇದಕ್ಕೆ ತಮಿಳಿನ ನರಂಬು, ತೆಲುಗಿನ ನರಮು ನೆಂಟರು. ಇಂಗ್ಲಿಷ್ ಬೇಡ ಅನ್ನುತ್ತಾ ‘ಗ್ರಂಥಿ’ಯನ್ನು ಮಾತ್ರ ಸುಮ್ನೆ ಒಳಗೆ ಬಿಟ್ಟುಕೊಂಡಿರಲ್ಲ, ಅದು ಯಾರ ಮನೆಯದು? ಅರ್ಜಿ, ಜಮೀನು, ಸರ್ಕಾರ ಎಲ್ಲ ಹೊರಗಿನಿಂದ ಬಂದು ಇಲ್ಲೇ ನೆಲೆಯಾದವು. ಎಂಎಸ್ ಕೂಡ ಇರಲಿ ಬಿಡಿ. ಈ ಚರ್ಚೆಗೆ ನನ್ನಿಂದ ಇಷ್ಟೇ.

ಮೇಡಂ, ತಲೆಬರಹದ ‘ಥೈರಾಯ್ಡ್‌ನಿಂದ ಎಂಎಸ್?’ ಕೂಡ ಬದಲಾಗಬೇಕು. ‘ಇಂದ’ ಬಂದ ಕೂಡಲೇ ಅದು ಕಾರಣವಾಯಿತು. ಒಂದರಿಂದ ಇನ್ನೊಂದು ಬರುತ್ತದೆ ಅಂತ ಯಾರೂ ತೋರಿಸಿಲ್ಲ. ಎಂಎಸ್ ಇರುವವರಲ್ಲಿ ಆಟೋಇಮ್ಯೂನ್ ಥೈರಾಯ್ಡ್ ತೊಂದರೆ ಜಾಸ್ತಿ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ, ಕೆಲವು ಅಷ್ಟೇನಿಲ್ಲ ಅನ್ನುತ್ತವೆ. ‘ಥೈರಾಯ್ಡ್ ತೊಂದರೆ, ಎಂಎಸ್ ಜೊತೆಗೂಡಿದಾಗ’ ಅಂದರೆ ಸಾಕು. ಸುಸ್ತು, ಮಂಕು ಎರಡರಲ್ಲೂ ಇರುವುದರಿಂದ ಎಲ್ಲವನ್ನೂ ಎಂಎಸ್ ತಲೆಗೆ ಕಟ್ಟದೆ ಟಿಎಸ್‌ಎಚ್ ನೋಡಿಸಿ ಅನ್ನುವುದು ಮುಖ್ಯ ಮಾತು.

ನಿಜವಾದ ‘ಇಂದ’ ಇರುವ ಜಾಗ ಬೇರೆ. ಎಂಎಸ್‌ಗೆ ಕೊಡುವ ಅಲೆಮ್‌ಟುಜುಮಾಬ್ ಔಷಧಿಯಿಂದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನಕ್ಕೆ ಥೈರಾಯ್ಡ್ ತೊಂದರೆ ಬರುತ್ತದೆ, ಕೊನೆಯ ಡೋಸ್ ಆದಮೇಲೂ 4 ವರ್ಷ ಪರೀಕ್ಷೆ ಮಾಡಿಸುತ್ತಿರಬೇಕು. ಅದು ಕರಡಿನಲ್ಲಿ ಇಲ್ಲವೇ ಇಲ್ಲ, ಸೇರಿಸಿ. ಬಯೋಟಿನ್ (ಒಂದು ಬಿ ವಿಟಮಿನ್) ಬಗ್ಗೆ ಒಂದು ಸಾಲೂ ಸೇರಿಸಿ. ಎಂಎಸ್‌ಗೆ ಅಂತ ದಿನಕ್ಕೆ 300 ಮಿಲಿಗ್ರಾಂವರೆಗೆ ಪ್ರಯತ್ನಿಸಿದ್ದರು, ಅಷ್ಟು ನುಂಗಿ ರಕ್ತ ಕೊಟ್ಟರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ಬರುತ್ತದೆ, ಗ್ರೇವ್ಸ್ ಇದೆಯೇನೋ ಅನ್ನುವ ಹಾಗೆ. ಬರೀ ‘ಬಯೋಟಿನ್’ ಅಂದರೆ ತಿಳಿಯುವುದಿಲ್ಲ, ‘ಕೂದಲು ಉದುರುವುದಕ್ಕೆ ತಗೊಳ್ಳುವ ಬಯೋಟಿನ್ ಮಾತ್ರೆ’ ಅಂತ ಬರೆಯಿರಿ. ಪರೀಕ್ಷೆಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅನ್ನುವುದನ್ನು ನಿಮ್ಮ ಡಾಕ್ಟರನ್ನು ಕೇಳಿ ತುಂಬಿಸಿಕೊಳ್ಳಿ.