ಕಡಕ್‌ನಾಥ್ ಹೇಟೆಯ ಕುತ್ತಿಗೆಯಲ್ಲಿ ಹೊಂಬಣ್ಣದ ಗರಿ

ಪ್ರಶ್ನೆ (ಶಿರಸಿ): ಅಚ್ಚಗಪ್ಪು ಹುಂಜ-ಹೇಟೆಗಳಿಂದ ನಮ್ಮಲ್ಲೇ ಕಾವಿಗೆ ಕೂರಿಸಿ ಪಡೆದ ಕಡಕ್‌ನಾಥ್ ಮರಿಗಳಲ್ಲಿ ಒಂದಕ್ಕೆ, ಐದನೆಯ ತಿಂಗಳಿನಲ್ಲಿ ಕುತ್ತಿಗೆಯ ಸುತ್ತ ಹೊಂಬಣ್ಣದ ಗರಿಗಳು ಮೂಡಿವೆ. ತಳಿ ಬೆರಕೆಯಾಗಿದೆಯೇ?

ಉತ್ತರ 1: ಅಷ್ಟರಿಂದಲೇ ಹಾಗೆನ್ನಲಾಗದು. ಮಧ್ಯಪ್ರದೇಶದ ಝಾಬುವಾ ಮೂಲದ ಈ ತಳಿಯಲ್ಲಿ ಅಚ್ಚಗಪ್ಪು, ಪೆನ್ಸಿಲ್ಡ್ (ಗರಿಗಳಲ್ಲಿ ತೆಳುಗೆರೆಗಳುಳ್ಳದ್ದು), ಗೋಲ್ಡನ್ ಎಂಬ ಮೂರು ಬಗೆಗಳಿದ್ದು, ತಂದೆ-ತಾಯಿಗಳಲ್ಲಿ ಅಡಗಿದ್ದ ಬಣ್ಣ ಮರಿಯಲ್ಲಿ ಹೊರಬೀಳಬಹುದು. ನಾಲಗೆ, ಚರ್ಮ, ಕಾಲುಗಳು ಕಪ್ಪಾಗಿವೆಯೇ ನೋಡಿ.

ಉತ್ತರ 2 (ಕುಮಟಾ): ಚರ್ಮವೊಂದನ್ನೇ ನಂಬಬೇಡಿ, ಅದನ್ನು ಕಪ್ಪಾಗಿಸುವ ಗುಣ ಪ್ರಬಲವಾದುದರಿಂದ, ಊರಕೋಳಿಯೊಡನೆ ಬೆರೆತ ಮೊದಲ ತಲೆಮಾರಿನಲ್ಲೂ ಅದು ಕಾಣಿಸಬಹುದು. ಪಕ್ಕದ ಮನೆಯ ಹುಂಜ ಬೇಲಿ ಹಾರುವುದಿದೆಯೇ? (ನಮ್ಮಲ್ಲಿ ಹಾಗೆಯೇ ಆಗಿತ್ತು.) ಒಮ್ಮೆ ಕೂಡಿದರೆ ಹೇಟೆ ಎರಡು-ಮೂರು ವಾರ ಫಲಿತ ಮೊಟ್ಟೆಗಳನ್ನೇ ಇಡಬಲ್ಲುದಾದ್ದರಿಂದ, ಆ ಹುಂಜದಿಂದ ಮೂರು ವಾರ ಪ್ರತ್ಯೇಕಿಸಿದ ಬಳಿಕವೇ ಕಾವಿನ ಮೊಟ್ಟೆ ಆರಿಸಿ.

ಪ್ರಶ್ನೆ ಕೇಳಿದವರು: ಹಾರುವುದಿದೆ.